ಬಿಳುಪೇ ಶುದ್ಧಿಯಲ್ಲ

ಪುಟ್ಟ ಮಗುವಿರುವ ಮನೆಯಲ್ಲಿ ಕಲೆಯಿಲ್ಲದ ಬಟ್ಟೆ ಸಿಗುವುದು ಕಷ್ಟ. ಕಕ್ಕಿದ ಹಾಲು, ಹಳದಿ ಮಲ, ಮೂತ್ರ, ಮೈಗೆ ತಿಕ್ಕಿದ ಎಣ್ಣೆ ಎಂದು ದಿನಕ್ಕೆ ಹತ್ತಾರು ಬಟ್ಟೆಗಳು ಬಕೆಟ್ ಸೇರುತ್ತವೆ. ಅಷ್ಟನ್ನೂ ಒಗೆದು ಒಣಹಾಕಿದ ಮೇಲೆ ಎಲ್ಲೋ ಒಂದು ಮಸುಕು ಗುರುತು ಕಂಡರೆ ಸಾಕು, ‘ಸರಿಯಾಗಿ ಒಗೆದಿಲ್ವಾ?’ ಎಂದು ಬಂದವರು ಕೇಳಿಬಿಡುತ್ತಾರೆ. ಆ ಮಾತಿಗೆ ಅಂಜಿ ಬಾಣಂತಿ ಬ್ಲೀಚಿನ ಬಾಟಲಿಗೆ ಕೈಹಾಕುತ್ತಾಳೆ. ಬೆಳ್ಳಗೆ ಕಾಣುವುದು ಬೇರೆ, ಶುದ್ಧವಾಗಿರುವುದು ಬೇರೆ ಎಂಬುದನ್ನು ನಾವು ಮರೆತಿದ್ದೇವೆ.

ನಮ್ಮ ಧರ್ಮ ಕೇಳುವುದು ಶುದ್ಧಿಯನ್ನು. ಮುಟ್ಟಿನ ರಕ್ತದ ಗುರುತು ಬಟ್ಟೆಯಿಂದ ಹೋಗದಿದ್ದರೆ ಏನು ಮಾಡಬೇಕೆಂದು ಖೌಲಾ ಬಿನ್ತ್ ಯಸಾರ್(ರ) ಕೇಳಿದಾಗ, ನೀರಿನಿಂದ ತೊಳೆದರೆ ಸಾಕು, ಉಳಿದ ಗುರುತಿನಿಂದ ತೊಂದರೆಯಿಲ್ಲ ಎಂಬರ್ಥದಲ್ಲಿ ಪ್ರವಾದಿ(ಸ) ಉತ್ತರಿಸಿದ್ದು ಅಬೂದಾವೂದ್‌ನಲ್ಲಿ ವರದಿಯಾಗಿದೆ. ಮಗುವಿನ ಮಲಮೂತ್ರದ ವಿಷಯದಲ್ಲೂ ಅಷ್ಟೇ. ನಜಸ್ ಹೋಗುವಂತೆ ಚೆನ್ನಾಗಿ ತೊಳೆದ ಮೇಲೂ ಬಿಡದ ಬಣ್ಣ ನಮಾಝಿಗೆ ಅಡ್ಡಿಯಲ್ಲ. ಕಲೆಯ ಸಂಶಯದಿಂದ ನಮಾಝ್ ಮುಂದೂಡುವ ತಾಯಂದಿರು ಇದನ್ನು ತಿಳಿದಿರಬೇಕು.

ಹಾಗೆಂದು ಕಲೆಯನ್ನು ಹಾಗೇ ಬಿಡಬೇಕಿಲ್ಲ. ನೀರು, ಸೋಪು, ಬಿಸಿಲು ಇಷ್ಟಿದ್ದರೆ ಹೆಚ್ಚಿನವು ಹೋಗುತ್ತವೆ. ಮೊದಲು ಮಲವನ್ನು ಕೆರೆದು ಶೌಚಾಲಯಕ್ಕೆ ಹಾಕಿ. ಬಟ್ಟೆಯನ್ನು ತಿರುವಿ, ಕಲೆಯ ಹಿಂಬದಿಯಿಂದ ತಣ್ಣೀರು ಹರಿಯಬಿಡಿ. ಬಿಸಿನೀರು ಬೇಡ. ಹಾಲು, ಮಲ, ರಕ್ತದಲ್ಲಿರುವ ಪ್ರೋಟೀನ್ ಬಿಸಿ ತಾಗಿದರೆ ಬೆಂದ ಮೊಟ್ಟೆಯಂತೆ ಗಟ್ಟಿಯಾಗಿ ನೂಲಿಗೆ ಅಂಟಿಕೊಳ್ಳುತ್ತದೆ. ಬಳಿಕ ಸೋಪಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಒಗೆಯಿರಿ. ಎಣ್ಣೆಯ ಕಲೆಗೆ ಮಾತ್ರ ಒಣ ಬಟ್ಟೆಗೇ ಸೋಪು ತಿಕ್ಕಿ, ನಂತರ ಬಿಸಿನೀರಿನಲ್ಲಿ ತೊಳೆಯಿರಿ. ಎದೆಹಾಲು ಕುಡಿಯುವ ಮಗುವಿನ ಹಳದಿ ಕಲೆಗೆ ಬಿಸಿಲೇ ಮದ್ದು. ಒಗೆದ ಒದ್ದೆ ಬಟ್ಟೆಯನ್ನು ನೇರ ಬಿಸಿಲಿಗೆ ಹರವಿದರೆ ಆ ಬಣ್ಣ ತಾನಾಗಿ ಮಾಸುತ್ತದೆ. ಹಾಸಿಗೆ ನೆನೆದಾಗ ಉಜ್ಜಬೇಡಿ, ಕಲೆ ಹರಡುತ್ತದೆ. ಒಣ ಬಟ್ಟೆ ಒತ್ತಿ ಹೀರಿಸಿ, ನೀರು ಸುರಿದು ಮತ್ತೆ ಹೀರಿಸಿ, ಬಿಸಿಲಿಗೆ ಹಾಕಿ.

ಇದಕ್ಕೂ ಹೋಗದ ಗುರುತಿನ ಬೆನ್ನು ಹತ್ತಿದಾಗ ತೊಂದರೆ ಶುರುವಾಗುತ್ತದೆ. ಮಗುವಿನ ಚರ್ಮ ನಮ್ಮದಕ್ಕಿಂತ ತೆಳು. ಬಟ್ಟೆಯಲ್ಲಿ ಉಳಿದ ಬ್ಲೀಚು, ಸೋಪಿನ ಅಂಶ ತೊಡೆಸಂದಿಯಲ್ಲಿ ಕೆಂಪು ಗುಳ್ಳೆ ಎಬ್ಬಿಸಬಹುದು. ಮೂತ್ರದಲ್ಲಿ ನೆಂದ ಬಟ್ಟೆಗೆ ನೇರವಾಗಿ ಬ್ಲೀಚು ಸುರಿದರೆ ಉಸಿರಾಟಕ್ಕೆ ಕೆಡುಕಾದ ಅನಿಲ ಏಳುತ್ತದೆ. ಬ್ಲೀಚಿನ ಜೊತೆ ಶೌಚಾಲಯದ ಆ್ಯಸಿಡ್ ಸೇರಿದರಂತೂ ವಿಷಾನಿಲವೇ ಹೊರಡುತ್ತದೆ.

ಒಗೆದ ಬಟ್ಟೆಯನ್ನು ಎತ್ತಿಡುವಾಗಲೂ ಎಚ್ಚರ ಬೇಕು. ಅಣ್ಣನ ಬಟ್ಟೆಯನ್ನು ತಮ್ಮನಿಗೆಂದು ನುಸಿಗುಳಿಗೆ ಹಾಕಿ ಪೆಟ್ಟಿಗೆಯಲ್ಲಿಡುವ ರೂಢಿ ನಮ್ಮಲ್ಲಿದೆ. ಆ ಗುಳಿಗೆ ನ್ಯಾಫ್ತಲೀನ್‌ನದ್ದಾಗಿದ್ದರೆ ಅಪಾಯ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುತ್ತದೆ. ಅಂಥ ಹಸುಗೂಸಿಗೆ ಈ ಬಟ್ಟೆ ತೊಡಿಸಿದರೆ ರಕ್ತಕಣಗಳು ಒಡೆದು ಕಾಮಾಲೆ ವಿಪರೀತಕ್ಕೇರಬಹುದು. ಪ್ರಾಣಕ್ಕೂ, ಮಿದುಳಿಗೂ ಅಪಾಯವಾಗಬಹುದು. ಕೊರತೆ ಇದೆಯೆಂದು ಮಗುವಿನ ಮುಖ ನೋಡಿ ಹೇಳಲಾಗದು. ಆದ್ದರಿಂದ ಮಗುವಿನ ಬಟ್ಟೆಯ ಹತ್ತಿರ ನುಸಿಗುಳಿಗೆ ಬೇಡವೇ ಬೇಡ. ಚೆನ್ನಾಗಿ ಒಣಗಿಸಿ, ಬಿಗಿಯಾದ ಚೀಲದಲ್ಲಿಟ್ಟರೆ ಸಾಕು.

ಇನ್ನು ಮನೆಯವರಿಗೆ ಒಂದು ಮಾತು. ಪ್ರವಾದಿ(ಸ) ಮನೆಯಲ್ಲಿರುವಾಗ ಮನೆಯವರ ಕೆಲಸದಲ್ಲಿ ಕೈಜೋಡಿಸುತ್ತಿದ್ದರೆಂದು ಆಯಿಶಾ(ರ) ತಿಳಿಸಿದ್ದಾರೆ. ರಾತ್ರಿಯೆಲ್ಲ ಎಚ್ಚರವಿದ್ದು ಮಗುವಿಗೆ ಹಾಲೂಡಿದವಳ ಮುಂದೆ ಕಲೆ ಎತ್ತಿ ತೋರಿಸುವ ಬದಲು, ಅವಳ ಬಕೆಟನ್ನು ಗಂಡ ಎತ್ತಿಕೊಳ್ಳಲಿ. ಒಗೆಯುವ ಕೈಗಳು ಹೆಚ್ಚಾದರೆ ಕಲೆ ಒಣಗುವ ಮೊದಲೇ ನೀರು ಕಾಣುತ್ತದೆ, ಬ್ಲೀಚಿನ ಬಾಟಲಿಯ ನೆನಪೂ ಆಗುವುದಿಲ್ಲ.