ಹೆಡ್‌ಲೈಟ್ ಪಾಲಿಶ್: ಅರ್ಧ ಕೆಲಸಕ್ಕೆ ಪೂರ್ತಿ ದುಡ್ಡು ಯಾಕೆ?

ಕಳೆದ ಡಿಸೆಂಬರಿನಲ್ಲಿ ನಮ್ಮ ಪಕ್ಕದ ರೂಮಿನ ಹುಡುಗ ಹತ್ತು ವರ್ಷ ಹಳೆಯ ಕಾರೊಂದನ್ನು ತೆಗೆದುಕೊಂಡ. ಮಾರಿದವನೂ ನಮ್ಮ ಊರ ಕಡೆಯವನೇ. "ಇಚ್ಚ, ಲೈಟ್ ನೋಡಿ, ಹೊಸತರ ಹಾಗೆ ಉಂಟು" ಅಂತ ಖುಷಿಯಲ್ಲಿ ತೋರಿಸಿದ. ಜುಲೈ ಬರುವಾಗ ಅದೇ ಲೈಟು ಚಹಾ ಕುಡಿದು ತೊಳೆಯದೆ ಇಟ್ಟ ಗ್ಲಾಸಿನ ಹಾಗೆ ಆಗಿತ್ತು. ಬೆಳಗಿನ ಜಾವ ನಾಲ್ಕೂವರೆಗೆ ರೂಮಿನ ಮೂವರನ್ನು ಕೂರಿಸಿಕೊಂಡು ಶಾರ್ಜಾದಿಂದ ಜೆಬೆಲ್ ಅಲಿಗೆ ಹೋಗುವ ಹುಡುಗ ಅವನು. "ಎಂತ ಮಾಡುದು, ಇನ್ನೊಮ್ಮೆ ಪಾಲಿಶ್ ಹೊಡೆಸಿದ್ರೆ ಆಯ್ತು" ಅಂದ.

ಆಗುವುದಿಲ್ಲ. ಪಾಲಿಶ್ ಹೊಡೆಸಿದ್ದರಿಂದಲೇ ಹೀಗಾದದ್ದು.

ನಾವು ಬಾಯಲ್ಲಿ 'ಲೈಟಿನ ಗ್ಲಾಸು' ಅನ್ನುತ್ತೇವೆ. ಅದು ಗ್ಲಾಸಲ್ಲ. 1980ರ ದಶಕದಿಂದ ಈಚೆಗೆ ಕಾರು ಕಂಪೆನಿಗಳು ಗಾಜು ಬಿಟ್ಟು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್‌ಗೆ ಬಂದವು. ಹಗುರ, ಕಲ್ಲು ಬಿದ್ದರೂ ಸುಲಭಕ್ಕೆ ಒಡೆಯುವುದಿಲ್ಲ. ಆದರೆ ಅದಕ್ಕೆ ಎರಡು ದೋಷ: ಬೇಗ ಗೀರು ಬೀಳುತ್ತದೆ, ಬಿಸಿಲಿನ ನೇರಳಾತೀತ ಕಿರಣಕ್ಕೆ ಹಳದಿ ಆಗುತ್ತದೆ. ಇದು ಗೊತ್ತಿದ್ದೇ ಕಂಪೆನಿಯವರು ಅದರ ಮೇಲೆ ಕೂದಲಿಗಿಂತ ತೆಳುವಾದ ಒಂದು ಗಟ್ಟಿ ಕೋಟ್ ಹಾಕಿ ಕಳಿಸುತ್ತಾರೆ. ಬಿಸಿಲು ತಡೆಯುವುದು ಆ ಕೋಟು. ಇಲ್ಲಿಯ ಬಿಸಿಲು, ಹೆದ್ದಾರಿಯ ಮರಳು ಎರಡೂ ಸೇರಿ ಕೆಲವು ವರ್ಷಗಳಲ್ಲಿ ಅದನ್ನು ಸವೆಸುತ್ತವೆ. ಕೋಟು ಬಿರುಕು ಬಿಟ್ಟು ಮಸುಕಾಗುತ್ತದೆ, ಆಮೇಲೆ ಪ್ಲಾಸ್ಟಿಕ್ಕೂ ಕೆಡುತ್ತದೆ.

ಪಾಲಿಶ್ ಮಾಡುವವನು ಮಾಡುವುದೇನು? ಎಮರಿ ಪೇಪರಿನಲ್ಲಿ ನೀರು ಹಾಕಿ ಉಜ್ಜಿ ಹಳದಿಯನ್ನು ಕೆರೆಯುತ್ತಾನೆ. ಅದರ ಜತೆ ಅಳಿದುಳಿದ ಕೋಟೂ ಹೋಗುತ್ತದೆ. ಮತ್ತೆ ಮಷಿನ್ ಹಿಡಿದು ಹೊಳಪು ತರುತ್ತಾನೆ. ಈಗ ನಿಮ್ಮ ಕೈಯಲ್ಲಿ ಇರುವುದು ಹೊಳೆಯುವ ಬೆತ್ತಲೆ ಪ್ಲಾಸ್ಟಿಕ್. ಅದನ್ನು ಆಗಸ್ಟಿನ ಬಿಸಿಲಿಗೆ ನಿಲ್ಲಿಸಿ ನೋಡಿ.

ನಾನು ಲೆಕ್ಕ ಬರೆಯುವವನು, ಆದ್ದರಿಂದ ಲೆಕ್ಕದ ಮಾತಿನಲ್ಲೇ ಹೇಳುತ್ತೇನೆ. ಇದು ಬಂಡವಾಳ ತಿಂದು ಲಾಭ ಎಂದು ಬರೆದ ಹಾಗೆ. ನನ್ನ ಮೊದಲ ಕಾರಿಗೆ ನಾನೇ ಈ ಮೂರ್ಖತನ ಮಾಡಿದ್ದೆ: ಇಪ್ಪತ್ತು ತಿಂಗಳಲ್ಲಿ ಮೂರು ಸಲ ಪಾಲಿಶ್, ಸಲಕ್ಕೆ 80 ದಿರ್ಹಂ, ಒಟ್ಟು 240. ಪ್ರತಿ ಸಲ ಮುಲ್ಕಿಯಾ ಹೊಸತು ಮಾಡುವ ಸಮಯಕ್ಕೋ, ಯಾರೋ ಹೇಳಿದರು ಎಂದೋ. ಆಮೇಲೆ 220 ಕೊಟ್ಟು ಉಜ್ಜಿ ಕೋಟ್ ಹೊಡೆಸಿದೆ. ಕಾರು ಮಾರುವ ತನಕ ಲೈಟಿನ ಮಾತೇ ಬರಲಿಲ್ಲ. ಮೊದಲ ಅಂಗಡಿಯವನನ್ನು ಒಮ್ಮೆ ಕೇಳಿದ್ದೆ, ಮೇಲೆ ಏನಾದರೂ ಹಾಕುವುದಿಲ್ಲವಾ ಅಂತ. "ಬೇಕಾಗಿಲ್ಲ ಸಾರ್, ಕ್ಲೀನ್ ಆಯ್ತಲ್ಲ" ಅಂದಿದ್ದ. ಅವನಿಗೆ ಬೇಕಾಗಿಲ್ಲ ನಿಜ. ನಾನು ಮತ್ತೆ ಬರುವುದು ಅವನಿಗೆ ಗೊತ್ತಿತ್ತು.

"ಹಳೇ ಕಾರು ಮಾರಾಯ್ರೆ, ಎರಡು ವರ್ಷಕ್ಕೆ ಮಾರುವುದು" ಎನ್ನುವವರಿಗೆ ಒಂದು ಮಾತು. ಅಮೆರಿಕದ ವಾಹನ ಚಾಲಕರ ಸಂಸ್ಥೆ ಎಎಎ 2018ರಲ್ಲಿ ಹನ್ನೊಂದು ವರ್ಷ ದಾಟಿದ ಎರಡು ಕಾರುಗಳ ಲೈಟು ಅಳೆಯಿತು. ಲೋ ಬೀಮಿನಲ್ಲಿ ಅವು ಕೊಟ್ಟದ್ದು ಹೊಸ ಲೈಟಿನ 22 ಶೇಕಡಾ ಬೆಳಕು ಮಾತ್ರ. ಸರಿಯಾಗಿ ರಿಪೇರಿ ಮಾಡಿದ ಮೇಲೆ ಅದು ಸುಮಾರು 70 ಶೇಕಡಾಕ್ಕೆ ಬಂತು. ನೂರು ರೂಪಾಯಿ ಸಂಬಳದಲ್ಲಿ ಇಪ್ಪತ್ತೆರಡು ಕೈಗೆ ಸಿಕ್ಕರೆ ನಾವು ಲೇಬರ್ ಕೋರ್ಟಿಗೆ ಓಡುತ್ತೇವೆ. ಲೈಟಿನ ವಿಷಯಕ್ಕೆ ಸುಮ್ಮನಿರುತ್ತೇವೆ. ಚಳಿಗಾಲದಲ್ಲಿ ಮಂಜು ಬಿದ್ದಾಗ ಅಬುಧಾಬಿ ಹೆದ್ದಾರಿಗಳಲ್ಲಿ ವೇಗಮಿತಿಯನ್ನು 80ಕ್ಕೆ ಇಳಿಸುತ್ತಾರೆ. ಆ ಮಂಜಿನಲ್ಲಿ ಮಸುಕು ಲೈಟು ಹಿಡಿದು ಹೋಗುವುದು ಎರಡು ವರ್ಷದ ಲೆಕ್ಕವಲ್ಲ, ಆ ಒಂದು ಬೆಳಗಿನದ್ದು.

ಇನ್ನು ವಾಟ್ಸಾಪ್ ಪಂಡಿತರು. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಹೊಳೆಯುತ್ತದೆ, ಹೌದು, ಅದೂ ಒಂದು ನಯವಾದ ಎಮರಿ ಪೇಪರೇ. ಸೊಳ್ಳೆ ಸ್ಪ್ರೇ ಹೊಡೆದರೂ ಹೊಳೆಯುತ್ತದೆ, ಯಾಕೆಂದರೆ ಅದರಲ್ಲಿರುವ ಡೀಟ್ ಎಂಬ ರಾಸಾಯನಿಕ ಪ್ಲಾಸ್ಟಿಕ್ಕಿನ ಮೇಲ್ಮೈಯನ್ನೇ ಕರಗಿಸುತ್ತದೆ. ಕಪ್ಪಿನಲ್ಲಿ ದ್ರವ ಕಾಯಿಸಿ ಆವಿ ಹಿಡಿಯುವ ಕಿಟ್ಟಿನ ಕತೆಯೂ ಅದೇ, ಅದರ ಹೊಗೆಯಂತೂ ವಿಷ. ಮೂರರಲ್ಲಿ ಒಂದೂ ಬಿಸಿಲನ್ನು ತಡೆಯುವುದಿಲ್ಲ.

ಹಾಗಾದರೆ ಕೇಳಬೇಕಾದದ್ದು ಏನು? ಯುವಿ ತಡೆಯುವ ಕ್ಲಿಯರ್ ಕೋಟ್. ಎರಡು ಭಾಗ ಬೆರೆಸಿ ಹೊಡೆಯುವ ಬಗೆ, ಗ್ಯಾರೇಜಿನಲ್ಲಿ 2ಕೆ ಅನ್ನುತ್ತಾರೆ, ಅದು ಹೆಚ್ಚು ಬಾಳುತ್ತದೆ. ಪಾರದರ್ಶಕ ಫಿಲ್ಮ್ ಅಂಟಿಸುವುದೂ ಒಳ್ಳೆಯದೇ, ಖರ್ಚು ಜಾಸ್ತಿ. ವ್ಯಾಕ್ಸ್ ಕೆಲವು ವಾರದ ಮಾತು. ಇಲ್ಲೊಂದು ಗುಟ್ಟು ಉಂಟು: ಕ್ಲಿಯರ್ ಕೋಟ್ ಹೊಡೆಯುವ ಮುಂಚೆ ಲೈಟು ಕನ್ನಡಿ ಹಾಗೆ ಹೊಳೆಯಬಾರದು. ನಯವಾದ ಗೀರು ಇದ್ದು ಸ್ವಲ್ಪ ಮಸುಕೇ ಇರಬೇಕು, ಇಲ್ಲದಿದ್ದರೆ ಕೋಟು ಹಿಡಿಯುವುದಿಲ್ಲ. ಆ ಮಸುಕನ್ನು ಕೋಟೇ ತುಂಬಿಕೊಳ್ಳುತ್ತದೆ. ಉಜ್ಜಿದ ಮೇಲೆ ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಬೇಕು. ಪೇಂಟಿನ ತಿನ್ನರ್ ಹಚ್ಚಿದರೆ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ.

ಈ ಅಂಗಡಿಗಳಲ್ಲಿ ಕೆಲಸ ಮಾಡುವ ನಮ್ಮ ಹುಡುಗರಿಗೂ ಹೇಳಬೇಕು. 2ಕೆ ಹಾರ್ಡನರಿನಲ್ಲಿ ಐಸೊಸೈನೇಟ್ ಇರುತ್ತದೆ, ಉಸಿರಿಗೆ ಹೋದರೆ ಅಸ್ತಮಾ ತರಬಲ್ಲದು. ಮುಖಕ್ಕೆ ಸುತ್ತಿದ ಟವೆಲ್ಲು ಅದನ್ನು ತಡೆಯುವುದಿಲ್ಲ. ಕಾರ್ಟ್ರಿಡ್ಜ್ ಇರುವ ಮಾಸ್ಕ್ ಕೊಡುವುದು ಮುದಲಾಳಿಯ ಕೆಲಸ. ಕೊಡದಿದ್ದರೆ ಕೇಳಿ. ಗಿರಾಕಿಯಾಗಿ ಹೋದವರೂ ಕೇಳಿ. ಮೂವತ್ತು ದಿರ್ಹಂ ಚೌಕಾಸಿ ಮಾಡಿ ಇಳಿಸುವಾಗ ಅದು ಯಾರ ಎದೆಗೂಡಿನಿಂದ ಇಳಿಯುತ್ತದೆ ಎಂದು ಸ್ವಲ್ಪ ಯೋಚಿಸಿ.

ಕೋಟ್ ಹಾಕಿಸಿದ ಮೇಲೆ ಪಾತ್ರೆ ತಿಕ್ಕುವ ಸ್ಕ್ರಬ್ಬರ್ ಮುಟ್ಟಿಸಬೇಡಿ. ಮೊದಲು ನೀರು ಬಿಟ್ಟು ಮರಳು ಇಳಿಸಿ, ಆಮೇಲೆ ಮೆತ್ತಗಿನ ಬಟ್ಟೆ. ಸಾಧ್ಯವಾದಲ್ಲಿ ಕಾರಿನ ಮೂತಿ ನೆರಳಿಗೆ ಇರಲಿ. ಊರಲ್ಲಿ ಹನ್ನೊಂದು ತಿಂಗಳು ಅಂಗಳದಲ್ಲಿ ನಿಲ್ಲುವ ಕಾರಿಗೂ ಇದೇ ಮಾತು, ಕವರ್ ಹಾಕಲು ಮನೆಯವರಿಗೆ ಹೇಳಿ.

ಮತ್ತು ಹಳೇ ಕಾರು ಮಾರುವವರೇ, ಹೊಸತಾಗಿ ಬಂದ ನಮ್ಮವನಿಗೆ ಮಾರುವ ಹಿಂದಿನ ದಿನ ಪಾಲಿಶ್ ಹೊಡೆಸಿ ತೋರಿಸಬೇಡಿ. ಮಸುಕು ಇದ್ದರೆ ಮಸುಕು ಅಂತಲೇ ಹೇಳಿ, ಬೆಲೆಯಲ್ಲಿ ಕಳೆಯಿರಿ. ಕೊಳ್ಳುವವರು "ಕೋಟ್ ಹಾಕಿಸಿದ್ದೀರಾ, ಬಿಲ್ಲು ಉಂಟಾ" ಎಂದು ಕೇಳಿ. ಮಸುಕು ಲೈಟಿಗೆ ನೀರು ಹಾಕಿ ನೋಡಿ. ಒದ್ದೆಯಾದಾಗ ತಿಳಿಯಾಗಿ ಕಂಡರೆ ದೋಷ ಹೊರಗಿನದು, ಕೋಟಿನಿಂದ ಸರಿಹೋಗುತ್ತದೆ. ಒದ್ದೆಯಾದರೂ ಮಸುಕೇ ಉಳಿದರೆ ಒಳಗೂ ಕೆಟ್ಟಿರಬಹುದು.

ಪಕ್ಕದ ರೂಮಿನ ಹುಡುಗನಿಗೆ ಹಾಗೇ ಮಾಡಿ ನೋಡಿದೆವು. ಬಲಗಡೆಯದು ತಿಳಿಯಾಯಿತು, ಕಳೆದ ಶುಕ್ರವಾರ ಕೋಟ್ ಹೊಡೆಸಿದ್ದಾನೆ. ಎಡಗಡೆಯದರ ಒಳಗೆ ನೀರು ಹೊಕ್ಕಿದೆ, ಸೀಲ್ ಹೋಗಿದೆ. ಅದು ಮುಂದಿನ ಸಂಬಳಕ್ಕೆ ಅಂದಿದ್ದಾನೆ. ಅಲ್ಲಿಯವರೆಗೆ ಬೆಳಗ್ಗಿನ ಪಾಳಿಗೆ ನನ್ನ ಕಾರಿನ ಕೀ ಅವನ ಹತ್ತಿರ ಉಂಟು.