ಲಿನಕ್ಸ್‌ಗೆ ವೈರಸ್ ತಗಲುವುದಿಲ್ಲ ಎಂಬ ನಂಬಿಕೆ ಎಷ್ಟು ಸುರಕ್ಷಿತ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ರ ಭಾರವನ್ನು ಹೊರಲಾರದ ಹಳೆಯ ಗಣಕಗಳನ್ನು ಇಟ್ಟುಕೊಂಡವರು ಈಗ ಹೊಸದನ್ನು ಕೊಳ್ಳಬೇಕು, ಕೆಲಕಾಲದ ಹೆಚ್ಚುವರಿ ಭದ್ರತಾ ಪರಿಷ್ಕರಣೆಗೆ ನೋಂದಾಯಿಸಿಕೊಳ್ಳಬೇಕು, ಇಲ್ಲವೇ ಲಿನಕ್ಸ್‌ನತ್ತ ಹೊರಳಬೇಕು. ಹೀಗೆ ಹೊರಳುವವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, ಇದಕ್ಕೆ ಯಾವ ಆಂಟಿವೈರಸ್ ಹಾಕಬೇಕು ಎಂಬುದು. ಲಿನಕ್ಸ್‌ನ ಹಳೆಯ ಬಳಕೆದಾರರಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ: ಲಿನಕ್ಸ್‌ಗೆ ವೈರಸ್ ತಗಲುವುದಿಲ್ಲ, ಏನೂ ಬೇಕಿಲ್ಲ. ಈ ಉತ್ತರದಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಈಗಾಗಲೇ ಹಲವರಿಗೆ ನಷ್ಟ ತಂದಿದೆ.

ಮೊದಲು ಸತ್ಯವಾದ ಭಾಗವನ್ನು ನೋಡೋಣ. ವಿಂಡೋಸ್‌ಗಾಗಿ ರಚಿಸಿದ ವೈರಸ್ ಲಿನಕ್ಸ್‌ನಲ್ಲಿ ತಾನಾಗಿ ನಡೆಯಲಾರದು. ಜೆರಾಕ್ಸ್ ಅಂಗಡಿಯ ಗಣಕಕ್ಕೆ ಪೆನ್‌ಡ್ರೈವ್ ಚುಚ್ಚಿ ತಂದವರಿಗೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್‌ಗಳಾಗಿ ಬದಲಾಗುವ ಪೀಡೆ ಚೆನ್ನಾಗಿ ಗೊತ್ತು. ಅದೇ ಪೆನ್‌ಡ್ರೈವನ್ನು ಲಿನಕ್ಸ್ ಗಣಕಕ್ಕೆ ಜೋಡಿಸಿದರೆ ಆ ವೈರಸ್ ಕಡತಗಳು ನಿರ್ಜೀವವಾಗಿ ಬಿದ್ದುಕೊಂಡಿರುತ್ತವೆ, ಆರಿಸಿ ಅಳಿಸಿಹಾಕಬಹುದು. ಇದಲ್ಲದೆ ಲಿನಕ್ಸ್‌ನಲ್ಲಿ ಸಾಮಾನ್ಯ ಬಳಕೆದಾರನಿಗೆ ತನ್ನ ಕಡತಗಳ ಮೇಲಷ್ಟೇ ಅಧಿಕಾರ. ವ್ಯವಸ್ಥೆಯ ಒಳಭಾಗವನ್ನು ಮುಟ್ಟಬೇಕಾದರೆ ರೂಟ್ ಎಂಬ ಮೇಲಧಿಕಾರ ಬೇಕು, ಅದಕ್ಕೆ ಪಾಸ್‌ವರ್ಡ್ ಕೊಡಬೇಕು. ಅಂತರಜಾಲದಿಂದ ಇಳಿಸಿಕೊಂಡ ಕಡತ, ಚಾಲನೆಯ ಅನುಮತಿಯನ್ನು ಬಳಕೆದಾರನೇ ಕೊಡುವವರೆಗೆ ಸಾಮಾನ್ಯವಾಗಿ ಓಡುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಉಬುಂಟು, ಡೆಬಿಯನ್, ಫೆಡೋರಾದಂತಹ ವಿತರಣೆಗಳಲ್ಲಿ ತಂತ್ರಾಂಶಗಳು ಬಹುಮಟ್ಟಿಗೆ ಅವುಗಳದೇ ಭಂಡಾರದಿಂದ, ಡಿಜಿಟಲ್ ಸಹಿಯ ತಪಾಸಣೆಯೊಂದಿಗೆ ಬರುತ್ತವೆ. ಕಂಡಕಂಡ ತಾಣಗಳಿಂದ ತಂತ್ರಾಂಶ ಇಳಿಸಿಕೊಳ್ಳುವ ಅಭ್ಯಾಸವೇ ಅಲ್ಲಿ ಕಡಿಮೆ.

ಬಳಕೆದಾರರು ಕಡಿಮೆ, ಆದ್ದರಿಂದ ವೈರಸ್ ಕಡಿಮೆ ಎಂಬ ವಾದವೊಂದಿದೆ. ಮೇಜಿನ ಮೇಲಿನ ಗಣಕಗಳ ಮಟ್ಟಿಗೆ ಅದು ಸರಿಯಿರಬಹುದು. ಆದರೆ ಅಂತರಜಾಲದ ಸರ್ವರುಗಳಲ್ಲಿ ಬಹುಪಾಲು ಲಿನಕ್ಸ್‌ನವೇ; ಜಗತ್ತಿನ ಅತಿವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿರುವವೆಲ್ಲವೂ 2017ರ ನವೆಂಬರ್‌ನಿಂದ ಲಿನಕ್ಸ್‌ನಲ್ಲೇ ನಡೆಯುತ್ತಿವೆ. ನಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸ್ ತಾನೆ? ಮದುವೆ ಕರೆಯೋಲೆಯೆಂದೋ ಸಾರಿಗೆ ದಂಡದ ಚಲನ್ ಎಂದೋ ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಕಡತವನ್ನು ಒತ್ತಿ ಬ್ಯಾಂಕಿನ ಹಣ ಕಳೆದುಕೊಂಡವರು ಲಿನಕ್ಸ್ ತಿರುಳಿನ ಮೇಲೆಯೇ ಮೋಸಹೋದದ್ದು. ಅಲ್ಲಿ ಬೀಗ ಮುರಿದಿರಲಿಲ್ಲ, ಕೀಲಿಕೈಯನ್ನು ಮಾಲೀಕನಿಂದಲೇ ಪಡೆಯಲಾಗಿತ್ತು.

ಲಿನಕ್ಸ್‌ಗೆ ಕುತಂತ್ರಾಂಶವೇ ಇರಲಿಲ್ಲವೆನ್ನುವುದೂ ಇತಿಹಾಸಕ್ಕೆ ಒಪ್ಪುವ ಮಾತಲ್ಲ. 1996ರಲ್ಲಿ ಸ್ಟಾಗ್, 1997ರಲ್ಲಿ ಬ್ಲಿಸ್ ಎಂಬ ವೈರಸ್‌ಗಳು ಕಾಣಿಸಿಕೊಂಡಿದ್ದವು. ಅವು ಹೆಚ್ಚು ಹರಡಲಿಲ್ಲ. 2001ರ ಜನವರಿಯಲ್ಲಿ ರಾಮೆನ್ ಎಂಬ ವರ್ಮ್ ರೆಡ್ ಹ್ಯಾಟ್ ಲಿನಕ್ಸ್‌ನ ಸರ್ವರುಗಳಿಗೆ ನುಗ್ಗಿ ಜಾಲತಾಣಗಳ ಮುಖಪುಟದಲ್ಲಿ ನೂಡಲ್ಸ್‌ನ ಚಿತ್ರ ಅಂಟಿಸಿತು. ನಗು ತರಿಸುವ ಸಂಗತಿಯೇ ಸರಿ, ಆದರೆ ಅದು ನುಗ್ಗಿದ ಬಿರುಕುಗಳಿಗೆ ತಿಂಗಳುಗಳ ಮೊದಲೇ ತೇಪೆ ಬಿಡುಗಡೆಯಾಗಿತ್ತು, ಹಾಕಿಕೊಂಡವರು ಇರಲಿಲ್ಲ ಅಷ್ಟೆ.

ಈ ಚರ್ಚೆಗೆ ಅತ್ಯಂತ ಪ್ರಸ್ತುತವಾದ ಪ್ರಕರಣ ಇತ್ತೀಚಿನದು. ಫ್ರೀ ಡೌನ್‌ಲೋಡ್ ಮ್ಯಾನೇಜರ್ ಎಂಬ ಜನಪ್ರಿಯ ತಂತ್ರಾಂಶದ ಅಧಿಕೃತ ತಾಣವೇ, ಅಲ್ಲಿಗೆ ಬಂದ ಲಿನಕ್ಸ್ ಬಳಕೆದಾರರಲ್ಲಿ ಕೆಲವರನ್ನು ಮಾತ್ರ ಬೇರೊಂದು ತಾಣಕ್ಕೆ ತಿರುಗಿಸಿ, ಕುತಂತ್ರಾಂಶ ಸೇರಿಸಿದ ಡೆಬಿಯನ್ ಪ್ಯಾಕೇಜನ್ನು ಅವರ ಕೈಗಿಡುತ್ತಿತ್ತು. 2020ರಿಂದ 2022ರವರೆಗೆ ಇದು ನಡೆಯಿತು. ಕ್ಯಾಸ್ಪರ್ಸ್ಕಿ ಸಂಸ್ಥೆಯ ಸಂಶೋಧಕರು ಬಯಲಿಗೆಳೆದದ್ದು 2023ರ ಸೆಪ್ಟೆಂಬರ್‌ನಲ್ಲಿ. ಪ್ಯಾಕೇಜನ್ನು ಅನುಸ್ಥಾಪಿಸುವಾಗ ಬಳಕೆದಾರ ಎಂದಿನಂತೆ ರೂಟ್ ಪಾಸ್‌ವರ್ಡ್ ಕೊಡುತ್ತಿದ್ದ. ಒಳಸೇರಿದ ಕಾರ್ಯಕ್ರಮ ಹತ್ತು ನಿಮಿಷಕ್ಕೊಮ್ಮೆ ಎಚ್ಚರಗೊಂಡು ದೂರದ ಸರ್ವರಿನೊಡನೆ ಸಂಪರ್ಕ ಸಾಧಿಸುತ್ತಿತ್ತು. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳು, ಕ್ರಿಪ್ಟೋ ಹಣದ ಕಡತಗಳು, ಕ್ಲೌಡ್ ಸೇವೆಗಳ ಪ್ರವೇಶ ವಿವರಗಳು ಹೊರಹೋಗುತ್ತಿದ್ದವು.

ಇದರಲ್ಲಿ ವಿಚಾರ ಮಾಡಬೇಕಾದ ಅಂಶ ಬೇರೆಯೇ ಇದೆ. ಸೋಂಕು ತಗಲಿದವರಲ್ಲಿ ಕೆಲವರಿಗೆ ಏನೋ ಎಡವಟ್ಟಾಗಿದೆಯೆಂದು ತಿಳಿದಿತ್ತು. ಗಣಕ ಸ್ಥಗಿತಗೊಳ್ಳುವಾಗ, ಮತ್ತೆ ಆರಂಭಗೊಳ್ಳುವಾಗ ತೊಡಕಾಗುತ್ತಿತ್ತು. ತಾತ್ಕಾಲಿಕ ಕಡತಗಳ ಜಾಗದಲ್ಲಿ ತಾವು ಇಡದ ಕಾರ್ಯಕ್ರಮವೊಂದು ಕಾಣುತ್ತಿತ್ತು. ಅವರು ಇತರ ಬಳಕೆದಾರರನ್ನು ಕೇಳಿದರು, ಪರಿಹಾರವನ್ನೂ ಪಡೆದರು. ಇದು ಕುತಂತ್ರಾಂಶವಿರಬಹುದೆಂಬ ಅನುಮಾನ ಮಾತ್ರ ಬರಲಿಲ್ಲ. ಲಿನಕ್ಸ್‌ಗೆ ವೈರಸ್ ತಗಲುವುದಿಲ್ಲವೆಂಬ ನಂಬಿಕೆ ಕಳ್ಳನಿಗೆ ಒದಗಿಸಿದ ಆಶ್ರಯ ಇದು.

ಭಾರತದ ಸರಕಾರಿ ಕಚೇರಿಗಳಿಗೆ ಈ ವಿಷಯ ಇನ್ನೂ ಹತ್ತಿರದ್ದು. ಸಿ-ಡ್ಯಾಕ್ ರೂಪಿಸಿದ ಬಾಸ್ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ ಹಲವು ಕಚೇರಿಗಳಲ್ಲಿ ಬಳಕೆಯಲ್ಲಿದೆ. ಪಾಕಿಸ್ತಾನ ಮೂಲದ್ದೆಂದು ಭದ್ರತಾ ಸಂಶೋಧಕರು ಗುರುತಿಸುವ ಟ್ರಾನ್ಸ್‌ಪೇರೆಂಟ್ ಟ್ರೈಬ್ ಎಂಬ ಗುಂಪು ಇಂತಹ ಗಣಕಗಳನ್ನೇ ಗುರಿಯಾಗಿಸಿ ಕಾರ್ಯನಿರತವಾಗಿರುವುದು 2025ರ ಆಗಸ್ಟ್‌ನಲ್ಲಿ ವರದಿಯಾಯಿತು. ತಂತ್ರ ಸರಳವಾದುದು. ಸಭೆಯ ಸೂಚನಾಪತ್ರದಂತಹ ಹೆಸರಿನ ಕಡತವೊಂದು ಇ-ಅಂಚೆಯಲ್ಲಿ ಬರುತ್ತದೆ. ನೋಡಲು ಪಿಡಿಎಫ್, ವಾಸ್ತವದಲ್ಲಿ ಅದು ಲಿನಕ್ಸ್‌ನ ಡಾಟ್ ಡೆಸ್ಕ್‌ಟಾಪ್ ಕಡತ, ಅಂದರೆ ಆದೇಶವೊಂದನ್ನು ನಡೆಸುವ ಶಾರ್ಟ್‌ಕಟ್. ತೆರೆದಾಗ ಪರದೆಯ ಮೇಲೆ ನಿಜವಾದ ಪಿಡಿಎಫ್ ಒಂದು ಮೂಡುತ್ತದೆ, ಓದುವವನಿಗೆ ಸಂದೇಹ ಬರುವುದಿಲ್ಲ. ಅಷ್ಟರಲ್ಲಿ ಹಿನ್ನೆಲೆಯಲ್ಲಿ ಗೂಢಚಾರ ತಂತ್ರಾಂಶ ಇಳಿದು ತನ್ನ ಕೆಲಸ ಆರಂಭಿಸಿರುತ್ತದೆ. 2023ರಲ್ಲಿಯೂ ಇದೇ ಗುಂಪು, ಸರಕಾರಿ ನೌಕರರು ಇ-ಅಂಚೆಗೆ ಪ್ರವೇಶಿಸಲು ಬಳಸುತ್ತಿದ್ದ ಕವಚ್ ಎಂಬ ತಂತ್ರಾಂಶದ ನಕಲಿಯೊಂದನ್ನು ಹರಿಯಬಿಟ್ಟು ಲಿನಕ್ಸ್ ಗಣಕಗಳೊಳಗೆ ಸೇರುವ ಯತ್ನ ಮಾಡಿತ್ತು.

ಇಂತಹ ಗೂಢಚಾರನಿಗೆ ರೂಟ್ ಅಧಿಕಾರ ಬೇಕೇ ಬೇಕೆಂದಿಲ್ಲ ಎಂಬುದನ್ನು ಗಮನಿಸಬೇಕು. ಕಚೇರಿಯ ಟಿಪ್ಪಣಿ, ಪತ್ರ, ಪಾಸ್‌ವರ್ಡ್ ಎಲ್ಲವೂ ಇರುವುದು ಬಳಕೆದಾರನ ಸ್ವಂತ ಕಡತಕೋಶದಲ್ಲಿಯೇ. ವ್ಯವಸ್ಥೆಯ ಒಳಭಾಗಕ್ಕೆ ಹಾಕಿದ ಬೀಗ ಭದ್ರವಾಗಿದ್ದರೂ ಕಳ್ಳನಿಗೆ ಬೇಕಾದ ವಸ್ತು ನಡುಮನೆಯಲ್ಲೇ ಇದ್ದರೆ ಆ ಬೀಗದಿಂದ ಪ್ರಯೋಜನವೇನು?

ಇಷ್ಟಾದ ಮೇಲೆ ಆಂಟಿವೈರಸ್ ಹಾಕಿಬಿಟ್ಟರೆ ಮುಗಿಯಿತೇ ಎಂದರೆ ಅದೂ ಇಲ್ಲ. 2016ರಲ್ಲಿ ಹಬ್ಬಿದ ಮಿರಾಯ್ ಕುತಂತ್ರಾಂಶವನ್ನೇ ತೆಗೆದುಕೊಳ್ಳಿ. ಅದು ಲಿನಕ್ಸ್‌ನಲ್ಲಿ ನಡೆಯುವ ಕ್ಯಾಮೆರಾ, ರೌಟರುಗಳಿಗೆ ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡುಗಳನ್ನೇ ಒಂದೊಂದಾಗಿ ಪ್ರಯೋಗಿಸಿ ಒಳಹೊಕ್ಕಿತು. ಹಾಗೆ ವಶವಾದ ಉಪಕರಣಗಳ ಸೈನ್ಯ 2016ರ ಅಕ್ಟೋಬರ್ 21ರಂದು ಡಿನ್ ಎಂಬ ಸಂಸ್ಥೆಯ ಮೇಲೆ ನಡೆಸಿದ ದಾಳಿಯಿಂದ ಟ್ವಿಟರ್, ನೆಟ್‌ಫ್ಲಿಕ್ಸ್‌ನಂತಹ ತಾಣಗಳು ಅಮೆರಿಕದಲ್ಲಿ ಹಲವರಿಗೆ ಗಂಟೆಗಟ್ಟಲೆ ದೊರೆಯದಾದವು. ಗೋಡೆಗೆ ನೇತುಹಾಕಿದ ಕ್ಯಾಮೆರಾಕ್ಕೆ ಆಂಟಿವೈರಸ್ ಹಾಕುವವರು ಯಾರು? ಹಲವು ಉಪಕರಣಗಳಲ್ಲಿ ಪಾಸ್‌ವರ್ಡ್ ಬದಲಿಸಿದ್ದರೆ ಸಾಕಾಗುತ್ತಿತ್ತು.

2024ರ ಮಾರ್ಚ್ 29ರಂದು ಬಯಲಾದ ಎಕ್ಸ್‌ಝಡ್ ಪ್ರಕರಣ ಇನ್ನೂ ಗಹನವಾದುದು. ಕಡತಗಳನ್ನು ಕುಗ್ಗಿಸುವ, ಎಲ್ಲೆಡೆ ಬಳಕೆಯಲ್ಲಿರುವ ಈ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳದಾರಿಯೊಂದನ್ನು ಅಡಗಿಸಿಡಲಾಗಿತ್ತು. ಅಡಗಿಸಿದವನು ಜಿಯಾ ಟಾನ್ ಎಂಬ ಹೆಸರಿನಲ್ಲಿ ಎರಡು ವರ್ಷಕ್ಕೂ ಮೀರಿ ಪ್ರಾಮಾಣಿಕ ಕೆಲಸಗಾರನಂತೆ ದುಡಿದು ನಿರ್ವಾಹಕನ ವಿಶ್ವಾಸ ಗಳಿಸಿದ್ದ. ದೂರದಿಂದ ಗಣಕಕ್ಕೆ ಪ್ರವೇಶಿಸುವಾಗ ಅರ್ಧ ಸೆಕೆಂಡಿನಷ್ಟು ವಿಳಂಬವಾಗುತ್ತಿರುವುದನ್ನು ಗಮನಿಸಿ, ಕಾರಣ ಹುಡುಕುತ್ತ ಹೋಗಿ ಇದನ್ನು ಪತ್ತೆಹಚ್ಚಿದವರು ಆಂಡ್ರೆಸ್ ಫ್ರಾಯಿಂಡ್. ಅವರು ಮೈಕ್ರೋಸಾಫ್ಟ್‌ನ ಎಂಜಿನಿಯರ್ ಎಂಬುದು ಲಿನಕ್ಸ್ ಅಭಿಮಾನಿಗಳಿಗೆ ಸ್ವಲ್ಪ ಮುಜುಗರದ ಸಂಗತಿಯೇ. ಆ ಆವೃತ್ತಿಗಳು ಪ್ರಮುಖ ವಿತರಣೆಗಳ ಪರೀಕ್ಷಾ ಹಂತದವರೆಗೆ ಬಂದಿದ್ದವು. ಸರಿಯಾದ ದಾರಿಯಲ್ಲಿ, ಸರಿಯಾದ ಸಹಿಯೊಂದಿಗೆ ಬಂದ ಹೊಚ್ಚಹೊಸ ಮೋಸವನ್ನು, ಹಳೆಯ ಅಪರಾಧಿಗಳ ಬೆರಳಚ್ಚು ಹಿಡಿದು ಹುಡುಕುವ ಆಂಟಿವೈರಸ್ ಕಂಡುಹಿಡಿಯುವುದು ದುಸ್ತರ.

ಕಾವಲುಗಾರನೇ ಅಪಾಯ ತರುವ ಸಂಭವವೂ ಉಂಟು. ಇಂತಹ ತಂತ್ರಾಂಶಗಳು ವ್ಯವಸ್ಥೆಯ ಆಳಕ್ಕಿಳಿದು, ಎಲ್ಲ ಕಡತಗಳನ್ನೂ ಓದುವ ಅಧಿಕಾರದೊಂದಿಗೆ ನಡೆಯುತ್ತವೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶಕ್ಕೆ ಬಂದ ದೋಷಪೂರಿತ ಪರಿಷ್ಕರಣೆಯೊಂದರಿಂದ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಗಣಕಗಳು ಕುಸಿದವು. ನಮ್ಮ ದೇಶದಲ್ಲೂ ವಿಮಾನ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ಕೊಡುವ ಸ್ಥಿತಿ ಬಂತು. ಅಂದು ಕುಸಿದದ್ದು ವಿಂಡೋಸ್. ಆದರೆ ಇದೇ ಬಗೆಯ ಕಾವಲನ್ನು ಲಿನಕ್ಸ್‌ನ ತಿರುಳಿನಲ್ಲಿ ಕೂರಿಸಿದರೆ ಅಲ್ಲಿಯೂ ಅಂತಹುದೇ ಅಪಾಯವಿದೆ.

ಹಾಗಾದರೆ ಮಾಡಬೇಕಾದುದೇನು? ಈ ಲೇಖಕನ ಅಭಿಪ್ರಾಯದಲ್ಲಿ ಮನೆಯ ಲಿನಕ್ಸ್ ಗಣಕಕ್ಕೆ ಆಂಟಿವೈರಸ್ ಕೊಳ್ಳುವ ಅಗತ್ಯವಿಲ್ಲ. ವಾರಕ್ಕೊಮ್ಮೆಯಾದರೂ ಪರಿಷ್ಕರಣೆಗಳನ್ನು ಅನುಸ್ಥಾಪಿಸುವುದು, ತಂತ್ರಾಂಶವನ್ನು ಭಂಡಾರದಿಂದ ಮಾತ್ರ ಪಡೆಯುವುದು, ಯಾವುದೋ ತಾಣದಲ್ಲಿ ಕಂಡ ಆದೇಶವನ್ನು ಅರ್ಥ ತಿಳಿಯದೆ ಟರ್ಮಿನಲ್‌ಗೆ ಅಂಟಿಸದಿರುವುದು, ಇವುಗಳಿಂದ ದೊರೆಯುವ ರಕ್ಷಣೆ ಹೆಚ್ಚಿನದು. ಇ-ಅಂಚೆ ಸರ್ವರ್ ಅಥವಾ ಹತ್ತಾರು ವಿಂಡೋಸ್ ಗಣಕಗಳಿಗೆ ಕಡತ ಹಂಚುವ ಸರ್ವರ್ ನಡೆಸುವವರ ಮಾತು ಬೇರೆ. ಅಲ್ಲಿ ಈಗ ಸಿಸ್ಕೋ ಸಂಸ್ಥೆಯ ಆಶ್ರಯದಲ್ಲಿರುವ, ಉಚಿತವಾಗಿ ದೊರೆಯುವ ಕ್ಲಾಮ್‌ಎವಿಯಂತಹ ತಂತ್ರಾಂಶ ಇರಲೇಬೇಕು. ಅದು ರಕ್ಷಿಸುವುದು ಮುಖ್ಯವಾಗಿ ಲಿನಕ್ಸನ್ನಲ್ಲ, ನೆರೆಯವರನ್ನು.

ಸರಕಾರಿ ಕಚೇರಿ, ಬ್ಯಾಂಕು, ಆಸ್ಪತ್ರೆಗಳಲ್ಲಿ ಇಷ್ಟು ಸಾಲದು. ಸಭೆಯ ಸೂಚನೆಯೆಂದು ಬಂದ ಕಡತವನ್ನು ತೆರೆಯಬೇಡಿರೆಂದು ಗುಮಾಸ್ತರಿಗೆ ಹೇಳಿ ಪ್ರಯೋಜನವಿಲ್ಲ. ಅಂತಹ ಕಡತಗಳನ್ನು ತೆರೆಯುವುದೇ ಅವರ ಕೆಲಸ. ಇ-ಅಂಚೆಯ ಬಾಗಿಲಲ್ಲೇ ಡಾಟ್ ಡೆಸ್ಕ್‌ಟಾಪ್ ಕಡತಗಳನ್ನು ತಡೆಯುವುದು, ಯಾವ ಗಣಕ ನಡುರಾತ್ರಿಯಲ್ಲಿ ಯಾವ ಅಪರಿಚಿತ ಸರ್ವರಿನೊಡನೆ ಮಾತನಾಡುತ್ತಿದೆಯೆಂದು ದಾಖಲಿಸುವುದು, ಆ ದಾಖಲೆಯನ್ನು ಪ್ರತಿದಿನ ಓದಲು ಒಬ್ಬರನ್ನು ನೇಮಿಸುವುದು ಕಚೇರಿಯ ಹೊಣೆ. ಬಾಸ್ ಲಿನಕ್ಸ್ ಅಳವಡಿಸುವಾಗ ಪರವಾನಗಿ ಶುಲ್ಕದಲ್ಲಿ ಉಳಿದ ಹಣದಲ್ಲಿ ಒಂದು ಪಾಲನ್ನು ಈ ಒಬ್ಬರ ಸಂಬಳಕ್ಕೆ ಎತ್ತಿಡಬಹುದಾಗಿದೆ.