ಸಿಗಡಿಯ ಇದ್ದಿಲು ಮತ್ತು ನಮ್ಮ ಬ್ಯಾಂಕಿನ ಲೆಡ್ಜರು

ನಾನು ಬಿ.ಕಾಂ. ಓದಿದವನು. ಕೆಮಿಸ್ಟ್ರಿಗೂ ನನಗೂ ಎಸ್ಸೆಸ್ಸೆಲ್ಸಿ ಮುಗಿದ ದಿನವೇ ಸಂಬಂಧ ಹರಿದಿತ್ತು. ಈಗ ಅದರ ಬಗ್ಗೆಯೇ ಬರೆಯಲು ಕೂತಿದ್ದೇನೆ ಅಂದರೆ ನನ್ನ ಜತೆ ಓದಿದವರು ನಗುತ್ತಾರೆ. ನಗಲಿ ಬಿಡಿ.

ಕಳೆದ ತಿಂಗಳು ಒಂದು ರಾತ್ರಿ ಹತ್ತೂವರೆಗೆ, ಹನ್ನೊಂದನೇ ಕ್ಲಾಸಿನ ಮಗಳು ಕೋಚಿಂಗ್ ಕ್ಲಾಸಿನ ಟೆಸ್ಟ್ ಪೇಪರ್ ಹಿಡಿದು ಮುಖ ಊದಿಸಿಕೊಂಡು ಕೂತಿದ್ದಳು. ಹೆಸ್ ನಿಯಮದ ಐದು ಲೆಕ್ಕ, ಐದೂ ತಪ್ಪು. "ಪಪ್ಪಾ, ನಂಗೆ ಇದು ತಲೆಗೇ ಹತ್ತಲ್ಲ. ಕಾಮರ್ಸಿಗೆ ಹೋಗ್ಬಿಡ್ತೀನಿ" ಅಂದಳು. ಕಾಮರ್ಸ್ ಓದಿ ಮೂವತ್ತು ವರ್ಷ ಮುಂಬಯಿಯಲ್ಲಿ ಅನ್ನ ತಿಂದವನಿಗೆ ಇದು ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ!

ಅವಳ ನೋಟ್ಸ್ ತೆಗೆದು ನೋಡಿದೆ. ಸಮೀಕರಣ ತಿರುಗಿಸಿದರೆ ಚಿಹ್ನೆ ತಿರುಗಿಸು. ಎರಡರಿಂದ ಗುಣಿಸಿದರೆ ಶಾಖವನ್ನೂ ಗುಣಿಸು. ಕೊನೆಗೆ ಎಲ್ಲ ಕೂಡು. ಅಷ್ಟೇ. ಯಾಕೆ ಅಂತ ಇವಳು ಕೇಳಿದ್ದಳಂತೆ. "ಯಾಕೆ ಅನ್ನೋದು ಪರೀಕ್ಷೆಗೆ ಬರಲ್ಲ" ಅಂದರಂತೆ. ನನ್ನ ತಕರಾರು ಇರುವುದು ಇಲ್ಲೇ. ವಿಚಿತ್ರ ಅಂದರೆ ಆ "ಯಾಕೆ" ಎನ್‌ಸಿಇಆರ್‌ಟಿ ಪುಸ್ತಕದಲ್ಲೇ ಇದೆ. ಎರಡು ಸಲ ಓದಿದರೆ ನನ್ನಂಥವನಿಗೂ ಅರ್ಥವಾಗುತ್ತದೆ.

ಊರಲ್ಲಿ ಅಜ್ಜಿ ಸಿಗಡಿಗೆ ಇದ್ದಿಲು ಹಾಕಿ ಊದುತ್ತಿದ್ದುದು ನೆನಪಿದೆಯಲ್ಲ? ಕೆಂಡದ ಮೇಲೆ ನೀಲಿ ಜ್ವಾಲೆ ಕುಣಿಯುತ್ತಿತ್ತು. ಅದು ಕಾರ್ಬನ್ ಮೊನಾಕ್ಸೈಡ್ ಉರಿಯುವ ಬಣ್ಣ. ಇದ್ದಿಲಿಗೆ ಗಾಳಿ ಸಾಲದೆ ಅರ್ಧ ಸುಟ್ಟರೆ ಹುಟ್ಟುವ ಅನಿಲ. ದಿಲ್ಲಿ ಕಡೆ ಚಳಿಗೆ ಕಿಟಕಿ ಮುಚ್ಚಿ ಅಂಗೀಠಿ ಇಟ್ಟು ಮಲಗಿದವರನ್ನು ಕೊಲ್ಲುವುದೂ ಇದೇ.

ಈ ಅರ್ಧ ಸುಡುವಿಕೆಯಲ್ಲಿ ಎಷ್ಟು ಶಾಖ ಬರುತ್ತದೆ ಅಂತ ನೇರವಾಗಿ ಅಳೆಯಲು ಹೋದರೆ ಸೋಲುತ್ತೀರಿ. ಅರ್ಧಕ್ಕೇ ನಿಲ್ಲು ಅಂದರೆ ಇಂಗಾಲ ಕೇಳುವುದಿಲ್ಲ, ಒಂದಿಷ್ಟು ಪೂರ್ತಿ ಸುಟ್ಟು ಡೈಆಕ್ಸೈಡ್ ಆಗಿಯೇ ಆಗುತ್ತದೆ. ಆದರೆ ಎರಡು ಸಂಗತಿ ಅಳೆಯಬಹುದು. ಒಂದು ಮೋಲ್, ಅಂದರೆ 12 ಗ್ರಾಂ ಇಂಗಾಲ (ಗ್ರಾಫೈಟ್ ರೂಪದ್ದು) ಪೂರ್ತಿ ಸುಟ್ಟರೆ 393.5 ಕಿಲೋಜೂಲ್ ಶಾಖ. ಅಷ್ಟೇ ಇಂಗಾಲದಿಂದಾದ ಮೊನಾಕ್ಸೈಡನ್ನು ಸುಟ್ಟರೆ 283. ಮೊದಲನೆಯ ಸಮೀಕರಣವನ್ನು ಹಾಗೇ ಬರೆದು, ಎರಡನೆಯದನ್ನು ತಿರುಗಿಸಿ ಕೂಡಿ. ಎರಡೂ ಕಡೆ ಡೈಆಕ್ಸೈಡ್ ಹೊಡೆದುಹೋಗಿ ಇಂಗಾಲದಿಂದ ಮೊನಾಕ್ಸೈಡ್ ಉಳಿಯುತ್ತದೆ. ಶಾಖ 110.5. ಯಾರೂ ಅಳೆಯಲಾಗದ್ದು ಕಾಗದದ ಮೇಲೆ ಸಿಕ್ಕಿತು.

ಇದನ್ನು ನೋಡಿ ನನಗೆ ಮೈ ಜುಂ ಅಂದಿತು. 1992ರಲ್ಲಿ ನಾನು ಬ್ಯಾಂಕಿಗೆ ಸೇರಿದಾಗ ಕೈಬರಹದ ಲೆಡ್ಜರು. ಒಂದು ವೋಚರ್ ಕಳೆದುಹೋದರೆ ಏನು ಮಾಡುತ್ತಿದ್ದೆವು? ಆರಂಭದ ಬ್ಯಾಲೆನ್ಸ್ ಗೊತ್ತು, ಕೊನೆಯದು ಗೊತ್ತು, ಉಳಿದ ವೋಚರ್ ಗೊತ್ತು. ಕಳೆದದ್ದರ ಮೊತ್ತ ತಾನೇ ಹೊರಬೀಳುತ್ತಿತ್ತು. ಎಂಟ್ರಿಯನ್ನು ರಿವರ್ಸ್ ಮಾಡಿದರೆ ಡೆಬಿಟ್ ಕ್ರೆಡಿಟ್ ಆಗುವುದು ನಮಗೆ ಹೊಸತೇ?

ಮಗಳು ಎಡವಿದ್ದು ಮೈನಸ್ಸಿನಲ್ಲಿ. "ಕೈಗೆ ಬಿಸಿ ತಾಗುತ್ತೆ, ಶಾಖ ಬರ್ತಾ ಇದೆ, ಮತ್ತೆ ಮೈನಸ್ ಯಾಕೆ?" ನ್ಯಾಯವಾದ ಪ್ರಶ್ನೆ. ನಾನು ಪಾಸ್‌ಬುಕ್ ತೆಗೆದು ತೋರಿಸಿದೆ. ಈ ದುಡ್ಡು ನಿನಗೆ ಆಸ್ತಿ, ಅದೇ ದುಡ್ಡು ಬ್ಯಾಂಕಿಗೆ ಸಾಲ. ಯಾರ ಪುಸ್ತಕದಲ್ಲಿ ಬರೆಯುತ್ತೀ ಅನ್ನುವುದರ ಮೇಲೆ ಚಿಹ್ನೆ. ಕೆಮಿಸ್ಟ್ರಿಯವರು ಬರೆಯುವುದು ಇದ್ದಿಲಿನ ಪುಸ್ತಕ, ನಿನ್ನ ಕೈಯದ್ದಲ್ಲ. ಅದರ ಖಾತೆಯಿಂದ ಹೋಯಿತು, ಆದ್ದರಿಂದ ಮೈನಸ್ 110.5. ಅವಳು ಸುಮ್ಮನೆ ಪೇಪರ್ ಎಳೆದುಕೊಂಡು ಮೊದಲನೇ ಲೆಕ್ಕ ಮತ್ತೆ ಶುರು ಮಾಡಿದಳು.

ಒಂದು ವ್ಯತ್ಯಾಸ ಮಾತ್ರ ಇದೆ. ಇಲ್ಲಿಂದ ಊರಿಗೆ ಎರಡು ಕೈ ದಾಟಿಸಿ ದುಡ್ಡು ಕಳಿಸಿದರೆ ಎರಡು ಕಡೆ ಕಮಿಷನ್ ಹೋಗುತ್ತದೆ. ಪ್ರಕೃತಿ ಕಮಿಷನ್ ತಿನ್ನುವುದಿಲ್ಲ. ಹೊರಡುವ ಸ್ಥಿತಿ, ಮುಟ್ಟುವ ಸ್ಥಿತಿ, ಉಷ್ಣತೆ ಮತ್ತು ಒತ್ತಡ ಸಹಿತ ಅವೇ ಆಗಿದ್ದರೆ ಒಂದೇ ಹೆಜ್ಜೆಯಲ್ಲಿ ಹೋಗಿ, ಹತ್ತರಲ್ಲಿ ಹೋಗಿ, ಎಂಥಾಲ್ಪಿ ಬದಲಾವಣೆ ಒಂದೇ. ತಿನ್ನುವುದಿದ್ದರೆ ಸುತ್ತು ಹಾಕಿ ಪುಕ್ಕಟೆ ಶಾಖ ಮಾಡುವ ಅಂಗಡಿ ಯಾರೋ ತೆರೆಯುತ್ತಿದ್ದರು! ಜಿನೀವಾದಲ್ಲಿ ಹುಟ್ಟಿ ರಷ್ಯಾದಲ್ಲಿ ಬೆಳೆದ ಹೆಸ್ ಇದನ್ನು ಹೇಳಿದ್ದು 1840ರಲ್ಲಿ. ಶಕ್ತಿ ಅಳಿಯುವುದಿಲ್ಲ ಎಂಬ ಮಾತನ್ನು ಮೇಯರ್ 1842ರಲ್ಲಿ, ಜೂಲ್ 1843ರಲ್ಲಿ ಬರೆಯುವ ಮೊದಲು. ಓದಿದ್ದು ವೈದ್ಯಕೀಯ, ಸೈಬೀರಿಯಾದ ಇರ್ಕುಟ್ಸ್ಕಿನಲ್ಲಿ ಡಾಕ್ಟರಾಗಿದ್ದವನು. ಬಿ.ಕಾಂ.ನವನಿಗೆ ಸ್ವಲ್ಪ ಧೈರ್ಯ ಬಂತು ನೋಡಿ.

ಕ್ಲಾಸಿನವರ ಕಷ್ಟ ಗೊತ್ತಿಲ್ಲವೆಂದಲ್ಲ. ಪೋರ್ಷನ್ ಮುಗಿಸಬೇಕು, ರ‍್ಯಾಂಕ್ ತೋರಿಸಬೇಕು. ಸೂತ್ರ ಉರು ಹೊಡೆದ ಎಷ್ಟೋ ಮಕ್ಕಳಿಗೆ ಅಂಕವೂ ಬರುತ್ತದೆ. ನಮ್ಮಲ್ಲೂ ಅರ್ಥ ತಿಳಿಯದೆ ಎಂಟ್ರಿ ಹಾಕುವವರಿದ್ದರು, ದಿನಾ ಟ್ಯಾಲಿ ಆಗುತ್ತಿತ್ತು. ಆಗದ ದಿನ ಅವರು ಕೈಕಟ್ಟಿ ಕೂರುತ್ತಿದ್ದರು, ಉಳಿದವರು ಕೊನೆಯ ಲೋಕಲ್ ತಪ್ಪಿಸಿಕೊಳ್ಳುತ್ತಿದ್ದೆವು. ಆದರೆ ಒಂದು ಮಗು ಐದು ಚಿಹ್ನೆ ತಪ್ಪಿದ್ದಕ್ಕೆ ತಾನೇ ದಡ್ಡಿ ಎಂದುಕೊಂಡು ಇಷ್ಟಪಟ್ಟು ತಗೊಂಡ ವಿಷಯ ಬಿಡಲು ಹೊರಟರೆ, ಉಳಿಸಿದ ಆ ಹತ್ತು ನಿಮಿಷ ಯಾರ ಲಾಭಕ್ಕೆ? ಫೀಸು ನಾವು ಕೊಡುತ್ತಿರುವುದು ಆ ಹತ್ತು ನಿಮಿಷಕ್ಕೇ ಅಲ್ಲವೇ?

ಕಾಮರ್ಸಿಗೆ ಹೋಗುತ್ತಾಳೋ ಇಲ್ಲವೋ ಇನ್ನೂ ತೀರ್ಮಾನ ಆಗಿಲ್ಲ. ಹೋದರೆ ಬೇಜಾರಿಲ್ಲ, ಹೆದರಿ ಹೋಗುವುದು ಬೇಡ ಅಂದಿದ್ದೇನೆ. ಆ ರಾತ್ರಿ ಐದರಲ್ಲಿ ನಾಲ್ಕು ಸರಿಯಾದವು. ಕೊನೆಯದು ಗ್ರಾಫೈಟನ್ನು ವಜ್ರ ಮಾಡುವ ಲೆಕ್ಕ. ಗ್ರಾಫೈಟ್ ಸುಟ್ಟರೆ 393.5, ವಜ್ರ ಸುಟ್ಟರೆ 395.4, ವ್ಯತ್ಯಾಸ ಪ್ಲಸ್ 1.9 ಕಿಲೋಜೂಲ್. ಇದನ್ನೂ ಬಿಡಿಸಿ ತಲೆ ಎತ್ತಿದಳು.

"ಪಪ್ಪಾ, ಅಂದ್ರೆ ವಜ್ರಾನ ನಿಜವಾಗ್ಲೂ ಸುಟ್ಟು ನೋಡಿದಾರಾ?"

"ಹೌದು ಮಗಾ. ಮೆಲ್ಲಗೆ ಮಾತಾಡು, ಅಮ್ಮ ಎದ್ದಾಳು" ಅಂದೆ.